ಗೋರಾಡು ಮಣ್ಣಿನ ಗುಂಡಿ

ನಾನು ಎರೆಮಣ್ಣಿನ ಸೀಮೆಯವನು. ಧಾರವಾಡದಿಂದ ಪೂರ್ವಕ್ಕೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ ಕಪ್ಪು ನೆಲದಲ್ಲಿ ಬೆಳೆದವನು. ಮಣ್ಣುಶಾಸ್ತ್ರ ಓದಿದ್ದೂ ಅದೇ ನೆಲದ ಮೇಲೆ. ಅಲ್ಲಿ ಒಣಗಾಲದಲ್ಲಿ ಗುಂಡಿ ತೋಡಿದರೆ ಅದರ ಗೋಡೆ ಕಲ್ಲಿನಲ್ಲಿ ಕಟ್ಟಿದಂತೆ ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಾವು ಹುಡುಗರು ಗುಂಡಿಯೊಳಗೇ ಇಳಿದು, ಗೋಡೆಗೆ ಬೆನ್ನು ಕೊಟ್ಟು ಬುತ್ತಿ ಬಿಚ್ಚುತ್ತಿದ್ದೆವು. ಮಣ್ಣು ಮೇಲೆ ಬೀಳುತ್ತದೆ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ.

ಗುಜರಾತಿನಲ್ಲಿ ಭೂಕಂಪವಾಗಿ ಎರಡು ಮೂರು ವರ್ಷ ಕಳೆದಿದ್ದಾಗ ಅಲ್ಲಿನ ವಡೋದರಾದ ಒಂದು ಖಾಸಗಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಾಲುವೆ ನೀರು ಬರಲಿದ್ದ ಹಳ್ಳಿಗಳ ಮಣ್ಣಿನ ನಕ್ಷೆ ಮಾಡಿಕೊಡುವ ಗುತ್ತಿಗೆ ಅವರದು. ಊರಿನ ಗೋರ್ವಾ ಬಡಾವಣೆಯಲ್ಲಿ ಇನ್ನಿಬ್ಬರು ಕನ್ನಡಿಗರ ಜೊತೆ ಒಂದು ಫ್ಲ್ಯಾಟಿನಲ್ಲಿ ಸೇರಿಕೊಂಡೆ. ಒಬ್ಬ ಬ್ಯಾಂಕಿನವನು, ಇನ್ನೊಬ್ಬ ಔಷಧಿ ಕಾರ್ಖಾನೆಯವನು. ಅವರಿಬ್ಬರಿಗೂ ನನ್ನ ಕೆಲಸ ಏನೆಂದು ಕೊನೆಯವರೆಗೂ ಸರಿಯಾಗಿ ಅರ್ಥವಾಗಲಿಲ್ಲ. ವಾರಗಟ್ಟಲೆ ಊರೂರು ತಿರುಗಿ, ಬೂಟಿನ ತುಂಬ ಮಣ್ಣು ತಂದು ಬಾತ್‌ರೂಮಿನ ಮೋರಿ ಕಟ್ಟಿಸುವವನು ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು.

ಕೆಲಸ ಹೇಳುವುದಕ್ಕೆ ಸರಳ. ಹೊಲದಲ್ಲಿ ಆಳೆತ್ತರದ ಗುಂಡಿ ತೋಡಿಸುವುದು. ಒಂದು ಬದಿಯ ಗೋಡೆಯನ್ನು ಚೂರಿಯಿಂದ ಕೆರೆದು ಚೊಕ್ಕ ಮಾಡಿ, ಪದರ ಎಲ್ಲಿ ಬದಲಾಗುತ್ತದೆ ಎಂದು ನೋಡುವುದು. ಪ್ರತಿ ಪದರದ ಬಣ್ಣ ಬರೆದು, ಚಿಟಿಕೆ ಮಣ್ಣು ನೆನೆಸಿ ಬೆರಳುಗಳ ನಡುವೆ ಒತ್ತಿ ಮರಳೆಷ್ಟು, ಜೇಡಿಯೆಷ್ಟು ಎಂದು ಅಂದಾಜು ಮಾಡಿ, ಎರಡು ಹನಿ ಆಮ್ಲ ಬಿಟ್ಟು ನೊರೆ ಬರುತ್ತದೆಯೇ ನೋಡಿ, ಚೀಲಕ್ಕೆ ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು. ಕೊನೆಗೆ ಆ ಮಣ್ಣಿಗೊಂದು ಕುಲ ಹೇಳಬೇಕು. ಗಿಡಮರಗಳಿಗೆ ಇರುವ ಹಾಗೆ ಮಣ್ಣಿಗೂ ಕುಲ, ಉಪಕುಲ, ಗುಂಪು ಎಂದು ವರ್ಗಗಳಿವೆ. ಗಿಡ ತನ್ನ ಹೂವಿನಿಂದ ಕುಲ ಹೇಳಿದರೆ ಮಣ್ಣು ತನ್ನ ಕೆಳಗಿನ ಪದರದಿಂದ ಹೇಳುತ್ತದೆ.

ನನ್ನ ಜೊತೆಗೆ ಹಾಕಿದ್ದವಳು ಒಬ್ಬ ಹುಡುಗಿ. ನನಗಿಂತ ಎರಡು ವರ್ಷ ಚಿಕ್ಕವಳು, ಕೆಲಸದಲ್ಲಿ ನನಗಿಂತ ಒಂದು ವರ್ಷ ಹಿರಿಯಳು. ತಂದೆ ವಿಮಾ ಕಂಪನಿಯಲ್ಲಿದ್ದರು. ಹಾಸನದ ಕಡೆಯವರು, ವರ್ಗವಾಗಿ ಸೂರತ್ತಿಗೆ ಬಂದು ಅಲ್ಲೇ ನೆಲೆ ನಿಂತವರು. ಮಗಳು ಬೆಳೆದದ್ದೆಲ್ಲ ಆ ಊರಿನ ಕತಾರ್‌ಗಾಮಿನಲ್ಲಿ. ಅವಳ ಕನ್ನಡ ಮನೆಯೊಳಗಿನ ಕನ್ನಡ; ಊಟ, ಸ್ನಾನ, ಬೈಗುಳಕ್ಕೆ ಸಾಕಾಗುತ್ತಿತ್ತು, ಅದರಾಚೆಗೆ ಹಿಂದಿಯೋ ಗುಜರಾತಿಯೋ ಕೈ ಹಿಡಿಯುತ್ತಿತ್ತು. ನನ್ನ "ಯಾಕ್ರಿ, ಹೌದ್ರಿ" ಕೇಳಿ ಮೊದಲ ದಿನ ನಕ್ಕವಳು ಆಮೇಲೆ ನನ್ನ ಜೊತೆ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದಳು. ಸೂರತ್ತಿನ ವರಾಛಾದಲ್ಲಿ ವಜ್ರ ಪರೀಕ್ಷಿಸುವವರಿಗೆಂದು ಮಾರುವ ಪುಟ್ಟ ಭೂತಗನ್ನಡಿ ಅವಳ ಕುತ್ತಿಗೆಯಲ್ಲಿ ದಾರಕ್ಕೆ ತೂಗುತ್ತಿತ್ತು. ಕಚೇರಿ ಕೊಟ್ಟ ಮಸೂರಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು.

ಆ ಚಳಿಗಾಲ ನಾವಿದ್ದದ್ದು ಅಹಮದಾಬಾದಿನಿಂದ ದಕ್ಷಿಣದ ಬಯಲಿನಲ್ಲಿ. ಅಲ್ಲಿನ ಜನ ತಮ್ಮ ನೆಲವನ್ನು ಗೋರಾಡು ಎನ್ನುತ್ತಾರೆ. ನಮ್ಮ ಗೋಡುಮಣ್ಣಿನ ನೆಂಟನ ಹೆಸರಿನಂತೆ ಕೇಳಿಸಿ ನನಗೆ ಖುಷಿಯಾಗಿತ್ತು. ನದಿಗಳು ಎಂದೋ ತಂದು ಹರಡಿದ ಹಳದಿ ಮಿಶ್ರಿತ ಕಂದು ಮಣ್ಣು. ಮರಳು ಹೆಚ್ಚು, ಜೇಡಿ ಕಡಿಮೆ. ಹಿಡಿದರೆ ಉಂಡೆಯಾಗುತ್ತದೆ, ಬೆರಳು ಸೋಕಿದರೆ ಉದುರುತ್ತದೆ. ಬಿದ್ದ ಮಳೆನೀರು ನಿಲ್ಲದೆ ಇಳಿದುಹೋಗುತ್ತದೆ. ನೀರು ನಿಂತು ಕೊಳೆತ ನೆಲದಲ್ಲಿ ಕಾಣುವ ಬೂದು ಮಚ್ಚೆ, ತುಕ್ಕಿನ ಕಲೆ ಎಲ್ಲೂ ಇಲ್ಲ. ತೀರ ಕೆಳಗೆ ಸಣ್ಣ ಸುಣ್ಣದ ಹರಳು, ಆಮ್ಲ ಬಿಟ್ಟರೆ ನೊರೆ. ಮಳೆ ಕಡಿಮೆಯ ಬಯಲಿಗೆ ಇದಕ್ಕಿಂತ ಒಳ್ಳೆಯ ಮಣ್ಣು ಸಿಗುವುದು ಕಷ್ಟ. ಗೋಧಿ, ತಂಬಾಕು, ಬಟಾಟೆ, ಹಾಕಿದ್ದಕ್ಕೆಲ್ಲ ಒಲಿಯುತ್ತದೆ. ಬೇರಿಗೆ ಎಷ್ಟು ಸಲೀಸಾಗಿ ದಾರಿ ಬಿಡುತ್ತದೆಯೋ ಅಷ್ಟೇ ಸಲೀಸಾಗಿ ಕುಸಿಯುತ್ತದೆ ಎಂಬುದು ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಅದರ ಕುಲದ ಬಗ್ಗೆ ನಮ್ಮಿಬ್ಬರಲ್ಲಿ ಜಗಳವಿತ್ತು. ಮಳೆನೀರು ಇಳಿಯುವಾಗ ಮೇಲಿನ ನಯವಾದ ಜೇಡಿಯನ್ನು ಹೊತ್ತುಕೊಂಡು ಹೋಗಿ, ಕೆಳಗಿನ ಪದರದ ಹೆಂಟೆಗಳ ಮೇಲೆ ತೆಳ್ಳನೆಯ ಪೊರೆಯಾಗಿ ಅಂಟಿಸುತ್ತದೆ. ಹಾಗೆ ಅಂಟಿದ್ದರೆ ಆ ಮಣ್ಣು ಹಳೆಯದು, ಬಲಿತದ್ದು. ಅದನ್ನು ಆಲ್ಫಿಸಾಲ್ ಎನ್ನಬೇಕು. ಪೊರೆ ಇಲ್ಲದೆ ಬರೀ ಬಣ್ಣ ಮತ್ತು ಕಟ್ಟು ಬದಲಾಗಿದ್ದರೆ ಅದಿನ್ನೂ ಎಳೆಯದು, ಇನ್ಸೆಪ್ಟಿಸಾಲ್. ಅವಳು ಪೊರೆ ಇದೆ ಎನ್ನುತ್ತಿದ್ದಳು. ನಾನು ಇಲ್ಲ ಎನ್ನುತ್ತಿದ್ದೆ. ಅದರಲ್ಲಿ ವೈರವೇನೂ ಇರಲಿಲ್ಲ. ಜೀಪಿನಲ್ಲಿ ಹೊತ್ತು ಹೋಗುವುದಕ್ಕೆ ಅದೊಂದು ಆಟವೇ ಆಗಿತ್ತು.

ಆ ದಿನ ಬೆಳಿಗ್ಗೆ ಒಬ್ಬ ರೈತನ ಹೊಲದಲ್ಲಿ ಗುಂಡಿ ತೋಡಿಸಿದ್ದೆವು. ಗೋಧಿ ಇನ್ನೂ ಮೊಣಕಾಲೆತ್ತರ. ತನ್ನ ಬೆಳೆಯ ಒಂದು ಮೂಲೆ ಕೆಡಿಸಲು ಒಪ್ಪಿಗೆ ಕೊಟ್ಟು, ಮೇಲೆ ಚಹಾ ಕೊಟ್ಟ ಮನುಷ್ಯ ಆತ. ನಾನು ಒಳಗಿಳಿದು ಪದರಗಳನ್ನು ನೋಡಿ, ಮೂರು ಚೀಲ ತುಂಬಿ, ತಳದ ಪದರದ್ದೊಂದು ಬಾಕಿ ಇರುವಾಗ ನೀರು ಕುಡಿಯಲು ಮೇಲೆ ಬಂದೆ.

"ಪೊರೆ ಸಿಕ್ತಾ?" ಎಂದಳು.

"ನನಗಂತೂ ಏನೂ ಕಾಣವಲ್ದು."

"ನೀವು ಬರಾಬರ್ ನೋಡ್ತಾನೇ ಇಲ್ಲ. ಕೊಡಿ ಚೂರಿ, ನಾನು ತೋರಿಸ್ತೀನಿ."

"ನೀರು ಕುಡ್ದು ನಾನೇ ಇಳೀತೀನಿ ತಡೀರಿ. ನನ್ನ ಪಾಳಿ ಇನ್ನೂ ಮುಗದಿಲ್ಲ."

"ನಿಮ್ಮ ಕಣ್ಣಿಗೆ ನಾಳೆನೂ ಕಾಣಲ್ಲ," ಎಂದು ನಕ್ಕು, ಕೂಲಿಯವರು ಕಡಿದಿಟ್ಟ ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದೇಬಿಟ್ಟಳು. ಮಂಡಿಯೂರಿ ಕುಳಿತು ಗೋಡೆಯಿಂದ ಒಂದು ಹೆಂಟೆ ಕಿತ್ತು, ಭೂತಗನ್ನಡಿ ಕಣ್ಣಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆಯ ಮೇಲೆ ಬೆರಳಿಟ್ಟು, "ಇಲ್ಲಿ, ಬಗ್ಗಿ ನೋಡಿ," ಎಂದಳು. ನಾನು ಅಂಚಿಗೆ ಬಂದು, ಒಂದು ಕಾಲು ಮುಂದಿಟ್ಟು ಬಗ್ಗಿದೆ.

ಸದ್ದು ಅಂಥದ್ದೇನೂ ಆಗಲಿಲ್ಲ. ಗೋಣಿಚೀಲ ಬಿಚ್ಚಿ ಕಾಳು ಸುರಿದಷ್ಟೇ. ನನ್ನ ಕಾಲ ಕೆಳಗಿನ ನೆಲ ಸಡಿಲವಾಯಿತು, ನಾನು ಹಿಂದಕ್ಕೆ ಬಿದ್ದೆ. ಎದ್ದು ನೋಡಿದರೆ ಗುಂಡಿಯ ಆ ಬದಿಯ ಗೋಡೆಯೇ ಇರಲಿಲ್ಲ. ಅವಳು ಎದೆಯವರೆಗೆ ಮಣ್ಣಿನಲ್ಲಿದ್ದಳು, ಮುಖವೆಲ್ಲ ಹಳದಿ ಪುಡಿ. ಕೂಗಲಿಲ್ಲ. ಬಾಯಿ ತೆರೆದಿತ್ತು, ಉಸಿರು ಸಿಗದೆ.

ಸಲಿಕೆ ಹಾಕಿದರೆ ಅವಳಿಗೇ ತಾಗೀತೆಂದು ಇಬ್ಬರು ಕೂಲಿಯವರೂ ನಾನೂ ರೈತನೂ ಕೈಯಲ್ಲೇ ಬಗೆದೆವು. ಒಂದು ಬೊಗಸೆ ತೆಗೆದರೆ ಅಷ್ಟೇ ಮಣ್ಣು ಪಕ್ಕದಿಂದ ಜಾರಿ ತುಂಬಿಕೊಳ್ಳುತ್ತಿತ್ತು. ಎದೆ ಬಿಡುವಾದ ಮೇಲೆ ಅವಳಿಗೆ ಉಸಿರು ಬಂತು, ಉಸಿರಿನ ಜೊತೆ ಮಾತೂ ಬಂತು. "ಕಾಲು," ಎಂದಳು. "ನನ್ನ ಕಾಲು ಯಾವ ಕಡೆ ಇದೆ ಗೊತ್ತಾಗ್ತಿಲ್ಲ." ಮಡಚಿ ಕುಳಿತಿದ್ದ ಕಾಲಿನ ಮೇಲೆ ಗೋಡೆಯ ಭಾರವೆಲ್ಲ ಬಿದ್ದು ಬಲಮೊಣಕಾಲು ಮೆಟ್ಟಿಲಿನ ಮೂಲೆಗೆ ಜಜ್ಜಿಹೋಗಿತ್ತು. ರೈತನ ಹೆಂಡತಿ ಮನೆಯಿಂದ ಒಂದು ಮಂಚ ಹೊರಿಸಿ ತಂದಳು. ಅದರ ಮೇಲೆ ಮಲಗಿಸಿ ಜೀಪಿನ ಹಿಂದೆ ಏರಿಸಿದೆವು. ಅಹಮದಾಬಾದಿನ ಆಸ್ಪತ್ರೆ ಮುಟ್ಟುವವರೆಗೂ ನಾನು ಮಂಚದ ಕಾಲು ಹಿಡಿದುಕೊಂಡು ಕೂತಿದ್ದೆ. ಅವಳ ಕಣ್ಣ ಮೂಲೆಯಲ್ಲಿ ಮಣ್ಣು ಇತ್ತು. ಒರೆಸಬೇಕೆನ್ನಿಸಿದರೂ ನನ್ನ ಕೈಯೂ ಅದೇ ಮಣ್ಣಿನಲ್ಲಿ ಮುಳುಗಿದ್ದರಿಂದ ಸುಮ್ಮನಿದ್ದೆ.

ಸಂಜೆ ಸೂರತ್ತಿನಿಂದ ಅವಳ ತಂದೆ ತಾಯಿ ಬಂದರು. ಶಸ್ತ್ರಚಿಕಿತ್ಸೆ ಆಯಿತು, ಮೊಣಕಾಲಿಗೆ ತಂತಿ ಹಾಕಿದರು. ಪ್ರಾಣಕ್ಕೆ ಭಯವಿಲ್ಲ, ಕಾಲು ಪೂರ್ತಿ ಮಡಚುವುದು ಮಾತ್ರ ಅನುಮಾನ ಎಂದರು ಡಾಕ್ಟರು. ತಂದೆ ನನ್ನ ಕೈ ಹಿಡಿದು, "ನೀವು ಇದ್ದಿದ್ದಕ್ಕೆ ನಮ್ಮ ಮಗಳು ಉಳಿದಳು," ಎಂದರು. ನನ್ನ ಪಾಳಿಯಲ್ಲಿ ಅವಳು ಇಳಿದದ್ದು, ನನ್ನ ಕಾಲು ಅಂಚಿನ ಮೇಲಿದ್ದದ್ದು, ಯಾವುದನ್ನೂ ನನ್ನ ಬಾಯಿ ಹೇಳಲಿಲ್ಲ. ತಲೆ ಆಡಿಸಿದೆ.

ಆಮೇಲಿನ ತಿಂಗಳುಗಳಲ್ಲಿ ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಸೂರತ್ತಿಗೆ ಹೋದೆ. ಕತಾರ್‌ಗಾಮಿನ ಅವರ ಮನೆಯ ಪಕ್ಕದ ಕಟ್ಟಡದಲ್ಲಿ ವಜ್ರ ಉಜ್ಜುವ ಚಕ್ರಗಳು ಇಡೀ ದಿನ ಗುಂಯ್‌ಗುಡುತ್ತಿದ್ದವು. ಆ ಸದ್ದಿನಲ್ಲಿ ಅವಳು ಕಾಲು ಚಾಚಿ ಮಲಗಿರುತ್ತಿದ್ದಳು. ನಾನು ಹಣ್ಣು ತಂದಿಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತು, ಏನು ಮಾತಾಡಬೇಕೆಂದು ತಿಳಿಯದೆ ಕಚೇರಿಯ ಸುದ್ದಿ ಹೇಳುತ್ತಿದ್ದೆ. ಅವಳ ತಂದೆ ಪ್ರತಿ ಸಲವೂ, "ನಂದೇ ತಪ್ಪು. ಬ್ಯಾಂಕ್ ಪರೀಕ್ಷೆ ಬರಿ ಅಂತ ಆಗಲೇ ಗಟ್ಟಿಯಾಗಿ ಹೇಳಬೇಕಿತ್ತು. ಹೆಣ್ಣುಮಗಳನ್ನ ಹೊಲ ಹೊಲ ಅಲೆಯೋಕೆ ಬಿಟ್ಟೆ," ಎನ್ನುತ್ತಿದ್ದರು. ಅವರು ಹಾಗೆಂದಾಗಲೆಲ್ಲ ನನ್ನ ತಪ್ಪು ಹೇಳಿಬಿಡಲು ಒಳ್ಳೆಯ ಸಮಯ ಎನ್ನಿಸುತ್ತಿತ್ತು. ಅಷ್ಟರಲ್ಲಿ ತಾಯಿ ತಟ್ಟೆಯಲ್ಲಿ ಉಪ್ಪಿಟ್ಟು ತರುತ್ತಿದ್ದರು. ಅದನ್ನು ತಿಂದು ನಾನು ಸ್ಟೇಷನ್ನಿಗೆ ಹೊರಡುತ್ತಿದ್ದೆ.

ಅವಳು ಕೋಲು ಹಿಡಿದು ಕಚೇರಿಗೆ ವಾಪಸು ಬರುವ ಹೊತ್ತಿಗೆ ಬೇಸಿಗೆ. ಅವಳನ್ನು ಪ್ರಯೋಗಾಲಯದ ಕೆಲಸಕ್ಕೆ ಹಾಕಿ, ಅವಳಿಗೆ ಬರಬೇಕಿದ್ದ ಕ್ಷೇತ್ರ ತಂಡದ ಮುಖ್ಯಸ್ಥನ ಜಾಗವನ್ನು ನನಗೆ ಕೊಟ್ಟಿದ್ದರು. ನಾನು ಕೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ.

ಆ ಗುಂಡಿಯ ಮಣ್ಣಿನ ಫಲಿತಾಂಶವೂ ಆಗಲೇ ಬಂದಿತ್ತು. ನಾನು ತುಂಬಿದ್ದ ಮೂರು ಚೀಲಗಳ ಪೈಕಿ ಕೆಳಗಿನದರಲ್ಲಿ ಜೇಡಿ ಹೆಚ್ಚಿತ್ತು, ಆದರೆ ಆಲ್ಫಿಸಾಲ್ ಎನ್ನಲು ಬೇಕಾದ ಗೆರೆಯ ಮೇಲೇ ನಿಂತಿತ್ತು. ಆ ಕಡೆಗೂ ಹೇಳಬಹುದು, ಈ ಕಡೆಗೂ ಹೇಳಬಹುದು. ಇಂಥಲ್ಲಿ ತೀರ್ಮಾನವಾಗುವುದು ಹೊಲದಲ್ಲಿ ಪೊರೆ ಕಂಡಿತೇ ಇಲ್ಲವೇ ಎಂಬುದರ ಮೇಲೆ. ನಾನು ಬಹಳ ಯೋಚನೆ ಮಾಡಲಿಲ್ಲ. ಪೊರೆ ಕಂಡಿದೆ, ಆಲ್ಫಿಸಾಲ್ ಎಂದು ವರದಿಯ ಕರಡಿನಲ್ಲಿ ಬರೆದೆ. ಅವಳು ಹೇಳಿದ್ದೇ ನಿಲ್ಲಲಿ, ಅಷ್ಟಾದರೂ ಆಗಲಿ ಎಂದುಕೊಂಡೆ. ಬರೆದ ದಿನ ಮನಸ್ಸು ಕೊಂಚ ಹಗುರವೂ ಆಯಿತು.

ಕರಡು ಓದಿ ಅವಳು ನನ್ನ ಮೇಜಿನ ಹತ್ತಿರ ಬಂದಳು. ಕನ್ನಡದಲ್ಲಿ ಶುರು ಮಾಡಿದಳು. "ಪೊರೆ ನೀವು ನೋಡಿದ್ರಾ?"

"ನೀವು ನೋಡಿದ್ರಲ್ಲ."

"ನಾನು ನೋಡಿದ್ದು ಒಂದೇ ಹೆಂಟೆ, ಅದೂ ಅರ್ಧ. ನಿಮಗೆ ಕಾಣಿಸ್ತಾ?"

"ನನಗ ಕಾಣಿಸಲಿಲ್ಲ. ಆದರ..."

"ಆ ಖೋಟು ಛೇ," ಎಂದಳು. ಸುಳ್ಳು ಇದು, ಎಂದು. ಅಲ್ಲಿಂದಾಚೆಗೆ ಅವಳ ಕನ್ನಡ ನಿಂತುಹೋಯಿತು. ಸಿಟ್ಟು ಬಂದಾಗ ಅವಳಿಗೆ ಗುಜರಾತಿಯೇ ಬರುತ್ತಿತ್ತು. ಅರ್ಧ ನನಗೆ ತಿಳಿಯಲಿಲ್ಲ, ತಿಳಿದಷ್ಟು ಸಾಕಾಗಿತ್ತು. ಆ ಹೊಲಗಳಿಗೆ ಎಷ್ಟು ನೀರು ಬಿಡಬೇಕೆಂದು ಈ ನಕ್ಷೆ ನೋಡಿ ಹೇಳುತ್ತಾರೆ, ನಿನಗೆ ನನ್ನ ಕಾಲಿನ ಮೇಲೆ ಕನಿಕರ ಬಂದರೆ ಮಣ್ಣಿನ ಕುಲ ಬದಲಾಗುತ್ತದೆಯೇ ಎಂದು ಕೇಳುತ್ತಿದ್ದಳು. ಕಚೇರಿಯವರೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಕೊನೆಗೆ ಮತ್ತೆ ಕನ್ನಡಕ್ಕೆ ಬಂದು, ತಣ್ಣಗೆ, "ಇನ್ನೊಂದು ಗುಂಡಿ ತೋಡ್ಸಿ. ನಾನೂ ಬರ್ತೀನಿ," ಎಂದಳು.

ಅದೇ ರೈತ, ಅದೇ ಹೊಲ. ಗೋಧಿ ಕೊಯ್ಲಾಗಿ ನೆಲ ಬರಿದಾಗಿತ್ತು. ನಮ್ಮನ್ನು ಕಂಡು ಆತ ಓಡಿಬಂದು ಅವಳೆದುರು ಕೈ ಮುಗಿದು ನಿಂತ. ಆ ದಿನ ಬೆಳಿಗ್ಗೆ ಪಕ್ಕದ ಪಾತಿಗೆ ನೀರು ಬಿಟ್ಟಿದ್ದೆ, ನೀರು ಒಳಗಿನಿಂದ ಬಂದು ಗೋಡೆ ಸಡಿಲ ಮಾಡಿರಬೇಕು, ನಿಮಗೆ ಹೇಳಬೇಕಿತ್ತು, ತಪ್ಪು ನನ್ನದೇ ಬೆಹನ್ ಎಂದ. ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಎನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಅವಳು ಅವನ ಹೆಂಡತಿ ಹೇಗಿದ್ದಾಳೆಂದು ವಿಚಾರಿಸಿ, ಮಂಚ ಕೊಟ್ಟಿದ್ದಕ್ಕೆ ಉಪಕಾರ ಹೇಳಿದಳು. ನನಗಂತೂ ಆತನ ಮಾತು ಕೇಳಿದ ಕ್ಷಣ ಎದೆಯ ಭಾರ ಇಳಿದಂತಾಯಿತು. ಇನ್ನೊಬ್ಬರ ಹೆಗಲ ಮೇಲೆ ಅದು ಹೋಗಲಿ ಎಂದು ನಾನು ಎಷ್ಟು ಆಸೆಯಿಂದ ಕಾದಿದ್ದೆ ಎಂಬುದು ಆ ಕ್ಷಣದಲ್ಲೇ ತಿಳಿದು ಇನ್ನಷ್ಟು ನಾಚಿಕೆಯಾಯಿತು.

ಈ ಸಲ ಗುಂಡಿಯನ್ನು ಕೆರೆಯ ಪಾವಟಿಗೆಯ ಹಾಗೆ ಅಗಲವಾಗಿ, ಮೆಟ್ಟಿಲು ಮೆಟ್ಟಿಲಾಗಿ ತೋಡಿಸಿದೆ. ತೆಗೆದ ಮಣ್ಣನ್ನು ದೂರಕ್ಕೆ ಹಾಕಿಸಿದೆ. ಅಂಚಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಅವಳಿಗೆ ಬೇವಿನ ಮರದ ನೆರಳಲ್ಲಿ ಕುರ್ಚಿ ಹಾಕಿಕೊಟ್ಟರು. ನಾನು ಪ್ರತಿ ಪದರದಿಂದ ಹೆಂಟೆ ತಂದು ಅವಳ ಅಂಗೈ ಮೇಲೆ ಇಡುತ್ತಿದ್ದೆ. ಅವಳು ಭೂತಗನ್ನಡಿ ಹಿಡಿದು ಒಂದೊಂದನ್ನೂ ಮುರಿದು, ತಿರುಗಿಸಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ನಾನು ಮನಸ್ಸಿನಲ್ಲೇ, ಇರಲಿ, ಪೊರೆ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಇಲ್ಲ," ಎಂದಳು ಕೊನೆಗೆ.

"ಇನ್ನೊಂದು ತರಲೇನು?"

"ಎಷ್ಟು ತಂದ್ರೂ ಇಷ್ಟೇ. ಮರಳಿನ ಕಣ ಕಣದ ಮಧ್ಯೆ ಸ್ವಲ್ಪ ಜೇಡಿ ಹಿಡ್ಕೊಂಡಿದೆ. ಪೊರೆ ಅಲ್ಲ ಇದು. ಆವತ್ತು ನಾನು ನೋಡಿದ್ದೂ ಇದೇ ಇರ್ಬೇಕು, ಹೊಳೆದ ಹಾಗೆ ಕಾಣ್ತು." ಹೆಂಟೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಇನ್ಸೆಪ್ಟಿಸಾಲ್ ಬರೀರಿ. ನೀವು ಹೇಳಿದ್ದೇ ಸರಿ."

ನನ್ನ ಮಾತು ಗೆದ್ದಿದ್ದಕ್ಕೆ ಅಷ್ಟು ಸಂಕಟಪಟ್ಟದ್ದು ಬದುಕಿನಲ್ಲಿ ಅದೊಂದೇ ಸಲ. ಇಲ್ಲದ ಒಂದು ಪೊರೆಯನ್ನು ತೋರಿಸಲು ಹೋಗಿ ಅವಳ ಕಾಲು ಹೋಗಿತ್ತು. ಇದ್ದಿದ್ದರೆ ಅದಕ್ಕೊಂದು ಅರ್ಥವಾದರೂ ಇರುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಅವಳಿಗೆ ಹಾಗೇನೂ ಅನ್ನಿಸಿದಂತೆ ಕಾಣಲಿಲ್ಲ. ರೈತನ ಹೆಂಡತಿ ತಂದ ಮಜ್ಜಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು.

ವಾಪಸು ಬರುವಾಗ ಜೀಪಿನಲ್ಲಿ ಎಲ್ಲವನ್ನೂ ಹೇಳಿದೆ. "ಆವತ್ತು ನನ್ನ ಕಾಲು ಅಂಚಿನ ಮ್ಯಾಲಿತ್ತು. ನಿಮ್ಮ ಅಪ್ಪಾಜಿ ಮುಂದ ಹೇಳಲಿಲ್ಲ ನಾನು."

"ಗೊತ್ತು. ಬಗ್ಗಿ ನೋಡಿ ಅಂದಿದ್ದು ನಾನೇ ಅಲ್ವಾ?"

"ಪಾಳಿನೂ ನಂದಿತ್ತು. ನಾ ಇಳೀಬೇಕಿತ್ತು."

ಅವಳು ಹೊರಗೆ ತಿರುಗಿದಳು. ರಸ್ತೆಯ ಎರಡೂ ಕಡೆ ಅದೇ ಹಳದಿ ಬಯಲು. ಆಮೇಲೆ ಹೇಳಿದಳು: "ಪಪ್ಪಾ ನಂದು ತಪ್ಪು ಅಂತಾರೆ. ಆ ಹೊಲದ ಕಾಕಾ ನಂದು ಅಂತಾರೆ. ನೀವೂ ನಂದು ಅಂತೀರಾ. ಎಲ್ಲರಿಗೂ ನಾನೇ ಸಮಾಧಾನ ಹೇಳ್ಬೇಕು. ನೋವು ಎಷ್ಟಿದೆ ಅಂತ ಕೇಳೋಕೆ ಯಾರಿಗೂ ಫುರ್ಸತ್ತೇ ಇಲ್ಲ."

ಆಮೇಲೆ ಕೇಳಿದೆ. "ಎಷ್ಟೈತ್ರಿ ನೋವು?"

"ಈಗ ತುಂಬಾ ಇದೆ," ಎಂದಳು. "ಈ ರಸ್ತೆ ಚೆನ್ನಾಗಿಲ್ಲ. ಡ್ರೈವರ್‌ಗೆ ಸ್ವಲ್ಪ ನಿಧಾನ ಹೋಗೋಕೆ ಹೇಳಿ."

ಹೇಳಿದೆ. ವಡೋದರಾ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಮುಂದಿನ ರವಿವಾರ ಸೂರತ್ತಿಗೆ ಹೋಗಿ ಅವಳ ತಂದೆಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಎದ್ದು ಬಾಲ್ಕನಿಗೆ ಹೋದರು. ಮುಂಚಿನಂತೆ ನನ್ನ ಕೈ ಹಿಡಿದು ಮಾತಾಡಿಸುವುದು ಅಲ್ಲಿಗೆ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ತಾಯಿ ಮಾತ್ರ ಎಂದಿನ ಹಾಗೆ ಊಟಕ್ಕೆ ಕರೆದರು.

ನಕ್ಷೆ ಮುಗಿಯಿತು. ಆ ಬಯಲು ಇನ್ಸೆಪ್ಟಿಸಾಲ್ ಎಂದೇ ಅಚ್ಚಾಯಿತು: ಆಳವಾದ, ನೀರು ಚೆನ್ನಾಗಿ ಬಸಿಯುವ, ಮರಳು ಗೋಡು. ಅವಳ ಕಾಲು ಪೂರ್ತಿ ಮಡಚಲೇ ಇಲ್ಲ. ಗುಂಡಿಗೆ ಇಳಿಯುವುದು, ಮಂಡಿಯೂರುವುದು ಮುಗಿದ ಮಾತಾಗಿತ್ತು. ಪ್ರಯೋಗಾಲಯವನ್ನೇ ಅವಳು ತನ್ನದು ಮಾಡಿಕೊಂಡಳು. ನಾನು ಕಳಿಸಿದ ಚೀಲಗಳಲ್ಲಿ ಪದರ ಬೆರೆತಿದ್ದರೆ ಹಿಂದಕ್ಕೆ ಕಳಿಸುತ್ತಿದ್ದಳು, ಮುಲಾಜು ನೋಡುತ್ತಿರಲಿಲ್ಲ. ನನಗೆ ಕರ್ನಾಟಕದಲ್ಲಿ ಕೆಲಸ ಸಿಗುವವರೆಗೆ, ಇನ್ನೂ ಎರಡು ವರ್ಷ ಹೀಗೇ ನಡೆಯಿತು.

ಕಚೇರಿ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಬೆಳಿಗ್ಗೆ ಅವಳು ಕೋಲೂರಿ ಒಂದೊಂದೇ ಮೆಟ್ಟಿಲು ಹತ್ತುವಾಗ ನಾನು ಎರಡು ಮೆಟ್ಟಿಲು ಹಿಂದೆ, ಬಿದ್ದರೆ ಹಿಡಿಯುವ ಹಾಗೆ ಬರುತ್ತಿದ್ದೆ. ಬಹಳ ದಿನ ಹಾಗೇ ಹತ್ತಿದೆವು. ಒಂದು ದಿನ ತಿರುವಿನಲ್ಲಿ ನಿಂತು, ಗೋಡೆಗೆ ಒರಗಿ, ದಾರಿ ಬಿಟ್ಟಳು.

"ನೀವು ಮುಂದೆ ಹೋಗಿ," ಎಂದಳು. "ಹಿಂದೆ ಯಾರಾದ್ರೂ ಇದ್ರೆ ನನಗೆ ಅವಸರ ಆಗತ್ತೆ."

ನಾನು ಮುಂದೆ ಹೋದೆ. ಮೇಲೆ ಹೋಗಿ ನನ್ನ ಮೇಜಿನ ಮುಂದೆ ಕುಳಿತು, ಕೆಳಗಿನಿಂದ ಕೋಲಿನ ಸದ್ದು ಹತ್ತಿ ಬರುವುದನ್ನು ಕೇಳುತ್ತಿದ್ದೆ. ನಡುವೆ ಒಂದು ಕಡೆ ಅದು ನಿಂತಿತು. ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.